ಇಂಟರ್‌ವಲ್ ಇಲ್ಲದ ಊರಿನಲ್ಲಿ

ಹೋದ ವರ್ಷ ಬೇಸಿಗೆಯಲ್ಲಿ ನಮ್ಮತ್ತೆ ಗದಗದಿಂದ ಅಮೆರಿಕದ ಮಿಲ್ ಕ್ರೀಕ್‌ನ ನಮ್ಮ ಮನೆಗೆ ಬಂದಿದ್ದರು. ಮಾವ ತೀರಿಕೊಂಡ ಮೇಲೆ ಅವರಿಗೆ ಮಾತೇ ಬೇಡವಾಗಿತ್ತು. ಕಿಟಕಿಯ ಹತ್ತಿರ ಕೂತರೆ ಸಂಜೆಯವರೆಗೂ ಹಾಗೇ. ಮೊದಲಿನಿಂದಲೂ ಸಿನಿಮಾ ಹುಚ್ಚಿನವರು ಎಂದು ಗೊತ್ತಿತ್ತು, ಒಂದು ಶನಿವಾರ ಒತ್ತಾಯ ಮಾಡಿ ಹೊರಡಿಸಿದೆ.

ನಾವು ಬಂದ ಹೊಸತರಲ್ಲಿ ಇಲ್ಲಿ ಕನ್ನಡ ಸಿನಿಮಾ ನೋಡಬೇಕೆಂದರೆ ನಾಲ್ಕು ಜನ ಸೇರಿ ಹಾಲ್ ಬಾಡಿಗೆಗೆ ಹಿಡಿಯಬೇಕಿತ್ತು, ಅದೂ ಬೆಂಗಳೂರಿನವರೆಲ್ಲ ನೋಡಿ ಮರೆತ ಮೇಲೆ. ಈಗ ಅಲ್ಲಿ ಬಿಡುಗಡೆಯಾದ ವಾರವೇ ಇಲ್ಲೂ ಬರುತ್ತದೆ. ಹಾಸಿಗೆಯಂಥ ಕುರ್ಚಿಯಲ್ಲಿ ಕಾಲು ಚಾಚಿ ನೋಡಬಹುದು. ಆದರೆ ಇಂಟರ್‌ವಲ್ ಮಾತ್ರ ಬಿಡುವುದಿಲ್ಲ. ಪರದೆಯ ಮೇಲೆ ಆ ಅಕ್ಷರ ಬಂದು ಹೋಗುತ್ತದೆ, ಸಿನಿಮಾ ತನ್ನ ಪಾಡಿಗೆ ನಡೆಯುತ್ತದೆ. ಇದನ್ನು ಅತ್ತೆಗೆ ಹೇಳಿರಲಿಲ್ಲ.

ನಾಯಕನನ್ನು ಬೆಟ್ಟದಿಂದ ತಳ್ಳಿದಾಗ ಇಂಟರ್‌ವಲ್ ಎಂದು ಬಂತು. ಅವನು ಬದುಕಿದ್ದು ಖಾತ್ರಿಯಾದ ಮೇಲೆ ಪಕ್ಕಕ್ಕೆ ತಿರುಗಿದರೆ ಅತ್ತೆಯ ಕುರ್ಚಿ ಖಾಲಿ.

ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಫೋನ್ ನನ್ನ ಬ್ಯಾಗಿನಲ್ಲಿತ್ತು. ರೆಸ್ಟ್‌ರೂಮಿನಲ್ಲಿ ಇರಲಿಲ್ಲ. ಪಾರ್ಕಿಂಗ್‌ಗೂ ಓಡಿ ಹೋಗಿ ಬಂದೆ. ಗಂಡನಿಗೆ ಏನೆಂದು ಕಾಲ್ ಮಾಡುವುದು? ಕೊನೆಗೆ ಟಿಕೆಟ್ ನೋಡುವಾಕೆ ನನ್ನ ಜೊತೆ ಬಂದು ಒಂದೊಂದೇ ಹಾಲ್‌ನ ಬಾಗಿಲು ತೆರೆದಳು.

ಒಂದರಲ್ಲಿ ಯಾವುದೋ ಇಂಗ್ಲಿಷ್ ಸಿನಿಮಾ ನಡೆದಿತ್ತು. ಪರದೆಯ ತುಂಬ ಸಮುದ್ರ. ಆ ನೀಲಿ ಬೆಳಕು ಅತ್ತೆಯ ಇಳಕಲ್ ಸೀರೆಯ ಮೇಲೆ ಅಲೆಯಾಡುತ್ತಿತ್ತು. ಪಕ್ಕದಲ್ಲಿ ಬಿಳಿ ಕೂದಲಿನ ಅಮೆರಿಕನ್ ಅಜ್ಜಿಯೊಬ್ಬರು ಅವರ ಕೈ ಹಿಡಿದು ಕೂತಿದ್ದರು. ನಾನು ಹೋಗಿ ಭುಜ ಮುಟ್ಟಿದೆ.

“ಸುಮ್ಮನ ಕುಂದ್ರವಾ, ಭಾಳ ಛಂದ ಐತಿ,” ಅಂದರು ಅತ್ತೆ.

ಅಜ್ಜಿ ಪಿಸುದನಿಯಲ್ಲಿ ವಿಷಯ ತಿಳಿಸಿದರು. ಬಾಗಿಲು ತಪ್ಪಿ ಒಳಗೆ ಬಂದ ಅತ್ತೆ ಕತ್ತಲಲ್ಲಿ ಅಳುತ್ತಾ ನಿಂತಿದ್ದರಂತೆ. ಮನೆಯವರನ್ನು ಆಮೇಲೆ ಹುಡುಕೋಣ ಎಂದು ಕರೆದು ಕೂರಿಸಿಕೊಂಡರಂತೆ. ನಾನೂ ಕೂತೆ. ಮುಗಿದ ಮೇಲೆ ಅವರಿಬ್ಬರೂ ಒಂದೇ ಊರಿನ ಗೆಳತಿಯರ ಹಾಗೆ ತಬ್ಬಿಕೊಂಡು ಬೀಳ್ಕೊಂಡರು.

ಕಾರಿನಲ್ಲಿ, ಎದ್ದು ಹೋಗಿದ್ದೇಕೆ ಎಂದು ಕೇಳಿದೆ.

“ಇಂಟರ್‌ವಲ್ ಆತಲ್ಲ. ನಮ್ಮೂರ ಟಾಕೀಜಿನಾಗ ಹೆಂಗಸರ ಬಾಗಲದ ಮುಂದ ನಿಮ್ಮ ಮಾವ ಚುರಮರಿ ಗಿರ್ಮಿಟ್ ಪೊಟ್ಟಣ ಹಿಡಕೊಂಡು ನಿಂತಿರತಿದ್ರು. ಕಾಲು ತಾವ ಹೋದ್ವು. ಹೊರಗ ಬಂದಮ್ಯಾಲ ನೆನಪಾತು.”

ಆಮೇಲೆ ಅವರೇ ಆ ಇಂಗ್ಲಿಷ್ ಸಿನಿಮಾದ ಕಥೆ ಶುರು ಮಾಡಿದರು. ಸಮುದ್ರಕ್ಕೆ ಹೋದ ಗಂಡ, ದಡದಲ್ಲಿ ಕಾಯುವ ಹೆಂಡತಿ, ಬಿರುಗಾಳಿ. ತಿಂಗಳುಗಟ್ಟಲೆ ಬಾಯಿ ಬಿಡದವರು ಮನೆ ಮುಟ್ಟುವವರೆಗೂ ಹೇಳಿದರು. ಕೊನೆಗೆ ಗಂಡ ದೋಣಿಯಿಂದ ಇಳಿದು ಬಂದನಂತೆ, ಹೆಂಡತಿ ಓಡಿ ಹೋದಳಂತೆ.

ಆ ದೃಶ್ಯ ನಾನೂ ನೋಡಿದ್ದೆ. ದೋಣಿ ಖಾಲಿಯಾಗಿಯೇ ದಡಕ್ಕೆ ಬಂದಿತ್ತು. ನಾನು ಹೂಂ ಹೂಂ ಎನ್ನುತ್ತಾ ಡ್ರೈವ್ ಮಾಡಿದೆ.

ಆ ಸಿನಿಮಾ ಯಾವುದೆಂದು ಇವತ್ತಿಗೂ ಹುಡುಕಿಲ್ಲ. ಅವನು ಬಂದ ಎಂದೇ ನನಗೂ ನೆನಪಿರಲಿ.