ಎಳ್ಳಮಾವಾಸ್ಯೆಯ ಊಟ

ಭಾಲ್ಕಿ ಸ್ಟೇಷನ್ ಮುಂದೆ ಆಟೋ ಓಡಿಸುವ ನನಗೆ ಒಂದು ಹೆಸರಿತ್ತು. ಮನೆ ಬಿಟ್ಟ ಮುದುಕ, ಜಗಳಾಡಿ ಓಡಿಹೋದ ಗಂಡ, ಯಾರೇ ಇರಲಿ, ಹುಡುಕಿ ತರುತ್ತಿದ್ದೆ. "ನಿನಗ ಸಿಗದವ್ರು ಇನ್ನಾ ಹುಟ್ಟಿಲ್ಲ ಬಿಡಪಾ" ಎಂದು ಜನ ಬೆನ್ನು ತಟ್ಟುತ್ತಿದ್ದರು. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಆ ಮಾತೇ ದೊಡ್ಡ ಡಿಗ್ರಿ. ಈಗ ನೆನೆದರೆ ಮೈ ಉರಿಯುತ್ತದೆ.

ಔರಾದಿನ ಗಂಡನ ಮನೆಯಿಂದ ತಂಗಿ ಕಾಣೆಯಾದಾಗ ಅವಳ ಗಂಡ ನನ್ನ ಹತ್ತಿರ ಬಂದ. ಅವನು ಹೊಡೆಯುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂರಿಸಿ ಚಹಾ ಕೊಟ್ಟೆ.

"ಊರ ಮಂದೀನೆಲ್ಲಾ ಹುಡುಕ್ತೀರಿ, ಸ್ವಂತ ತಂಗಿ ಸಿಗಲ್ಲೇನ್ರಿ?" ಎಂದು ಚುಚ್ಚಿದ. ಅಷ್ಟು ಸಾಕಾಯಿತು.

ಎಲ್ಲಿ ಅಡಗಿದ್ದರೂ ಎಳ್ಳಮಾವಾಸ್ಯೆಯಂದು ಅವಳು ಒಳಗೆ ಕೂರುವವಳಲ್ಲ. ಅಂದು ನಮ್ಮ ಕಡೆ ಊರಿಗೆ ಊರೇ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತದೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ನೀನು ಯಾರು, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ನಾನು ಹಿಡಿದದ್ದು ಆ ದಾರಿಯನ್ನೇ. ಅವಳ ಗೆಳತಿಯನ್ನು ಡಾಬಕಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿಯ ಹೊಲಗಳನ್ನು ಒಂದೊಂದಾಗಿ ಹೊಕ್ಕೆ.

"ಬರ್ರಿ, ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಉಂಡು ಹೋಗ್ರಿ" ಎಂದು ಹಿರಿಯರೊಬ್ಬರು ಕರೆದರು. ಕೂತೆ. ಅಂಬಲಿಯ ಗಡಿಗೆ ಹಿಡಿದು ಬಂದವಳು ನನ್ನ ತಂಗಿ.

"ಒಬ್ಬನೇ ಬಂದೀ ಏನಣ್ಣಾ?"

"ಹೂಂ, ಒಬ್ಬನೇ."

"ಹಂಗಾದ್ರ ಹೊಟ್ಟಿ ತುಂಬ ಉಣ್ಣು. ಎಷ್ಟು ಸೊರಗೀದಿ ನೋಡು."

ಹೊಟ್ಟೆ ತುಂಬ ಉಂಡೆ. ಅವಳ ಗಂಡ ರಸ್ತೆಯಲ್ಲಿ ಜೀಪಿನೊಳಗೆ ಕಾಯುತ್ತಿದ್ದ. ಕೈ ತೊಳೆದು ಅವನಿಗೆ ಫೋನ್ ಮಾಡಿದವನು ನಾನೇ.

ಮತ್ತೆ ಅವಳನ್ನು ಕಂಡದ್ದು ಬೀದರಿನ ಆಸ್ಪತ್ರೆಯಲ್ಲಿ. ಮುರಿದ ಕೈಗೆ ಪ್ಲಾಸ್ಟರ್ ಹಾಕಿದ್ದರು. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದಳು. ಅಲ್ಲಿಂದಲೇ ಯಾರಿಗೂ ಹೇಳದೆ ಹೋಗಿಬಿಟ್ಟಳು. ಈ ಸಲ ಗೆಳತಿಗೂ ಸುಳಿವು ಕೊಟ್ಟಿಲ್ಲ.

ಹೋದ ಎಳ್ಳಮಾವಾಸ್ಯೆಗೆ ಮುಂಚೆ ಅವನು ಮತ್ತೆ ಸ್ಟೇಷನ್ನಿಗೆ ಬಂದ. "ಈ ಸಲನೂ ಹೊಲ ತಿರುಗೋಣೇನ್ರಿ?" ಎಂದು ನಕ್ಕ. ಅವನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಉಳಿದ ಆಟೋದವರು ಬಂದು ಬಿಡಿಸಿದರು. ಆದರೆ ಒಬ್ಬನೇ ಬಂದಿದ್ದೇನೆ ಎಂದ ನಾಲಿಗೆ ಅವನದಲ್ಲ. ಅದರ ಕುತ್ತಿಗೆ ಎಲ್ಲಿ ಹಿಡಿಯಲಿ?

ತಂಗಿ ಎಲ್ಲೋ ಇದ್ದಾಳೆ. ನಾನು ಹುಡುಕುವುದಿಲ್ಲ. ಅದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಎಳ್ಳಮಾವಾಸ್ಯೆ ಬಂದರೆ ಊರೆಲ್ಲ ಹೊಲದಲ್ಲಿ ಉಣ್ಣುವಾಗ, ನಾನು ಹುಡುಕಿ ಬರುತ್ತೇನೆಂಬ ಭಯಕ್ಕೆ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾಳೆ.