ತ್ರ್ಯಂಬಕ ಭಟ್ಟರ ಉಣ್ಣೆಯ ಮಡಿ

ಭಂಡಿಗಡಿಯ ತ್ರ್ಯಂಬಕ ಭಟ್ಟರ ಅಡುಗೆ ಉಂಡವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಇದ್ದಾರೆ. ಅವರಿಂದ ಬೈಸಿಕೊಳ್ಳದೆ ಉಂಡವರು ಮಾತ್ರ ಎಲ್ಲೂ ಇಲ್ಲ. ಬಾವಿಯ ತಣ್ಣೀರು ತಲೆಗೆ ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಒಲೆ ಹೊತ್ತಿಸಿದರೆ ಅವರ ಪ್ರಕಾರ ಅದು ಮಡಿ. ಆಮೇಲೆ ಊಟ ಮುಗಿಯುವವರೆಗೆ ಹೆಂಡತಿಯೂ ಅವರನ್ನು ಮುಟ್ಟುವಂತಿಲ್ಲ. ಬಿಸಿನೀರಿನ ಸ್ನಾನ ಬರೀ ಸುಖ, ಮಡಿಯಲ್ಲ.

ನಾನು ಶಶಿಕಿರಣ್, ಕೊಪ್ಪದಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುವವನು, ಭಟ್ಟರ ಹೋಳಿಗೆಯ ಹಳೇ ಭಕ್ತ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಭಟ್ಟರು ಏದುಸಿರು ಬಿಡುತ್ತ ಲ್ಯಾಬಿಗೆ ಬಂದರು. ಕಣ್ಣು ಹಳದಿ, ಬೆರಳ ತುದಿ ನೀಲಿ. ಕಾಮಾಲೆಯೆಂದು ತಾವೇ ತೀರ್ಮಾನಿಸಿ ಒಂದು ತಿಂಗಳು ಹಳ್ಳಿಮದ್ದು ಕುಡಿದು, ಪಥ್ಯದ ನೆಪದಲ್ಲಿ ಮನೆಯವರಿಗೂ ಸಪ್ಪೆ ಸಾರು ಬಡಿಸಿದ್ದರು. ನಾನು ತೆಗೆದ ರಕ್ತ ಟ್ಯೂಬಿನಲ್ಲಿ ಕಾಳುಕಾಳಾಗಿ ಅಂಟಿಕೊಂಡಿತು. ಬಿಸಿ ಮಾಡಿದಾಗ ಆ ಕಾಳುಗಳು ಮತ್ತೆ ಬಿಟ್ಟುಕೊಂಡವು.

ಭಟ್ಟರು ಬಗ್ಗಿ ನೋಡಿ, “ಪಾಕ ಗಟ್ಟಿ ಬಂತು ಅನ್ನು” ಎಂದರು.

ಹಿಮೋಗ್ಲೋಬಿನ್ ಆರಕ್ಕಿಂತ ಕೆಳಗಿತ್ತು. ಅವರನ್ನೂ ಹೆಂಡತಿ ತ್ರಿಪುರಸುಂದರಮ್ಮನನ್ನೂ ಕಾರಿಗೆ ಹತ್ತಿಸಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರ್ ಸೌಂದರ್ಯಾ ಬಿಡಿಸಿ ಹೇಳಿದರು: ರೋಗಾಣುಗಳನ್ನು ಹಿಡಿಯಬೇಕಾದ ಪ್ರತಿಕಾಯಗಳು ಮೈ ತಣ್ಣಗಾದೊಡನೆ ಸ್ವಂತ ಕೆಂಪು ರಕ್ತಕಣಗಳಿಗೇ ಅಂಟಿ ಅವನ್ನು ಒಡೆಸುತ್ತಿವೆ. ಇನ್ನು ವಾರಕ್ಕೊಂದರಂತೆ ನಾಲ್ಕು ಡ್ರಿಪ್. ಆ ಔಷಧಿಯೂ ಪ್ರತಿಕಾಯವೇ, ಹೊರಗೆ ತಯಾರಿಸಿದ್ದು. ತಪ್ಪು ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳನ್ನು ಹುಡುಕಿ ತೆಗೆಯುತ್ತದೆ.

“ಬಡಿಸೋರೇ ಎಲೆ ಮಗುಚ್ತಾ ಇದಾರೆ. ನೀವು ಬೇರೆಯವರನ್ನ ಕಳ್ಸಿ ಅವರನ್ನ ಪಂಕ್ತಿಯಿಂದ ಹೊರಗೆ ಹಾಕಿಸ್ತೀರಿ. ಸರಿ” ಎಂದರು ಭಟ್ಟರು.

“ತಣ್ಣೀರು ಮಾತ್ರ ಮುಟ್ಟಬಾರದು. ಜೀವಕ್ಕೇ ಅಪಾಯ” ಎಂದರು ಡಾಕ್ಟರ್. ಅದಕ್ಕೆ ಭಟ್ಟರು ಕೆಮ್ಮಿದರಷ್ಟೆ.

ಡ್ರಿಪ್ ಹಾಕುವಾಗ, “ನಿಧಾನ ಬಿಡು ತಂಗಿ, ತುಪ್ಪ ಬಿಟ್ಟ ಹಾಗೆ” ಎಂದು ನರ್ಸಿಗೆ ಪಾಠ ಮಾಡಿದರು. ಮೂರು ಡ್ರಿಪ್ ಆಗುವಷ್ಟರಲ್ಲಿ ಹಿಮೋಗ್ಲೋಬಿನ್ ಎಂಟು ದಾಟಿತು. ಆ ವಾರವೇ ಈ ಮಹಾಶಯರು ಕಮ್ಮರಡಿಯಲ್ಲಿ ಯಾರದೋ ಮನೆಯ ತಿಥಿಯ ಅಡುಗೆಗೆ ಗುಟ್ಟಾಗಿ ಹೋಗಿ, ಬೆಳಗ್ಗೆ ಐದಕ್ಕೆ ಬಾವಿಕಟ್ಟೆಯಲ್ಲಿ ಮೂರು ಕೊಡ ಸುರಿದುಕೊಂಡರು. ಮಧ್ಯಾಹ್ನಕ್ಕೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಮರುದಿನ ಹಿಮೋಗ್ಲೋಬಿನ್ ಮತ್ತೆ ಆರು.

“ಪಿತೃಗಳಿಗೆ ಅಡುಗೆ ಮಾಡಕ್ಕೆ ಹೋಗಿ ನೀವೇ ಪಿತೃ ಆಗೋ ಅಂದಾಜಾ?” ಎಂದು ತ್ರಿಪುರಸುಂದರಮ್ಮ ಬೈದರು. ಬೈಯುತ್ತಲೇ ಅತ್ತುಬಿಟ್ಟರು.

“ಮಡಿ ಇಲ್ದೆ ಒಲೆ ಮುಟ್ಟಕ್ಕಾಗಲ್ಲ. ಒಲೆ ಇಲ್ದೆ ಎಂತಕ್ಕೆ ಬದುಕೋದು?” ಎಂದರು ಭಟ್ಟರು, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ತುಂಬಾ ಸಂಕಟವಾಯಿತು.

ಮಾರನೇ ದಿನ ತ್ರಿಪುರಸುಂದರಮ್ಮ ಟ್ರಂಕಿನಿಂದ ಮಾವನವರ ಧಾಬಳಿ ತಂದು ಗಂಡನ ಮುಂದಿಟ್ಟರು. ಪೂಜೆಗೆ ಉಡುವ ಉಣ್ಣೆಯ ವಸ್ತ್ರ ಅದು. “ಉಣ್ಣೆಗೆ ಮೈಲಿಗೆ ಇಲ್ಲ ಅಂತ ನಿಮ್ಮ ಅಪ್ಪಯ್ಯ ಇದನ್ನೇ ಉಟ್ಕೊಳ್ತಿದ್ರು. ಬಿಸಿನೀರು ಸ್ನಾನ, ಮೇಲೆ ಇದು. ಅವರ ಮಡಿ ಸುಳ್ಳು ಅಂತ ಹೇಳಿ ನೋಡುವ.”

ಭಟ್ಟರು ಬಹಳ ಹೊತ್ತು ಧಾಬಳಿ ಸವರಿದರು. “ಹಾಗಾದ್ರೆ ಮಂಕಿ ಕ್ಯಾಪೂ ಉಣ್ಣೆದೇ ಅಲ್ದಾ?”

ನಾಲ್ಕನೇ ಡ್ರಿಪ್ ಆಯಿತು. ಹಿಮೋಗ್ಲೋಬಿನ್ ಹನ್ನೊಂದಕ್ಕೇರಲು ಮೂರು ತಿಂಗಳು ಹಿಡಿಯಿತು. ಅದಾದ ಮೇಲೆ ನಮ್ಮ ಕೊಪ್ಪದ ಪಕ್ಕದ ನಾರ್ವೆ ಎಂಬ ಊರಿನ ಗೃಹಪ್ರವೇಶವೊಂದರಲ್ಲಿ ಭಟ್ಟರು ಮತ್ತೆ ಒಲೆಯ ಮುಂದೆ ನಿಂತರು. ಉಟ್ಟದ್ದು ಧಾಬಳಿ, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಉಣ್ಣೆಯ ಸಾಕ್ಸ್.

ಮನೆ ಯಜಮಾನರು ಗಾಬರಿಯಾದರು. “ಇದೆಂತ ವೇಷ ಭಟ್ರೇ?”

“ಶುದ್ಧ ಉಣ್ಣೆ ಮಾರಾಯ. ಅಡಿಯಿಂದ ಮುಡಿವರೆಗೆ ಮಡಿ. ದೂರ ನಿಲ್ಲು!”

ಆಗ ತ್ರಿಪುರಸುಂದರಮ್ಮ ಸೀದಾ ಒಳಗೆ ಬಂದು, ಎಲ್ಲರೆದುರೇ ಗಂಡನ ಬೆರಳು ಹಿಡಿದು ಬಿಸಿಯಿದೆಯೇ ಎಂದು ಒತ್ತಿ ನೋಡಿದರು. ನಾವೆಲ್ಲ ಬೈಗುಳಕ್ಕೆ ಕಾದು ನಿಂತೆವು.

“ಕೈ ಉಣ್ಣೆದಲ್ಲ ಮಾರಾಯ್ತಿ” ಎಂದರು ಭಟ್ಟರು. ಆದರೆ ಕೈ ಎಳೆದುಕೊಳ್ಳಲಿಲ್ಲ.