ಬೀಗಿತ್ತಿ ತೊಳೆದ ಕಾವಲಿ

ನಮ್ಮ ಬೀಗಿತ್ತಿಯ ಬೆರಳ ತುದಿಗಳು ಯಾವಾಗ ನೋಡಿದರೂ ಬಿಳಿಚಿಕೊಂಡು, ನೆರಿಗೆ ನೆರಿಗೆಯಾಗಿ, ಈಗಷ್ಟೇ ಬಕೆಟ್ಟಿನಿಂದ ಕೈ ತೆಗೆದವರ ಹಾಗೆ ಇರುತ್ತಿದ್ದವು. ಉಗುರು ಚರ್ಮಕ್ಕೆ ತಾಗುವಷ್ಟು ಗಿಡ್ಡ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಕೆಲಸದಿಂದ ನಿವೃತ್ತಿಯಾದರೂ ಕೈಗೆ ನಿವೃತ್ತಿ ಸಿಗಲಿಲ್ಲ. ಕೂತಲ್ಲಿ ಟೇಬಲ್ ಒರೆಸುವರು, ನಿಂತಲ್ಲಿ ಕಿಟಕಿಯ ಸರಳು ಒರೆಸುವರು, ಮಾತಾಡುತ್ತ ಮಾತಾಡುತ್ತ ನನ್ನ ಶರ್ಟಿನ ಮೇಲಿನ ಸಾಂಬಾರಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಲು ಶುರು ಮಾಡುವರು.

ಅವರು ಗದಗದ ಕಡೆಯ ಕ್ರೈಸ್ತರು. ಗಂಡ ವಿಮಾ ಕಚೇರಿಯಲ್ಲಿದ್ದರು. ವರ್ಗವಾಗಿ ಅಹಮದಾಬಾದಿಗೆ ಬಂದು, ನವರಂಗಪುರದಲ್ಲಿ ಮನೆ ಮಾಡಿ, ಅಲ್ಲಿಯೇ ತೀರಿಕೊಂಡರು. ನಾನು ಕುಂದಾಪುರದ ಕಡೆಯವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ವಡೋದರಾದಲ್ಲಿ ಹದಿನಾಲ್ಕು ಟೇಬಲ್ಲಿನ ಒಂದು ಹೋಟೆಲನ್ನು ನನ್ನ ಕೈಯಿಂದಲೇ ಕಟ್ಟಿದವನು. ಅವರ ಮಗಳೂ ನನ್ನ ಮಗನೂ ಒಂದೇ ಕಾಲೇಜಿನಲ್ಲಿ ಓದಿ, ಮದುವೆಯಾಗುತ್ತೇವೆ ಎಂದು ಹಟ ಹಿಡಿದಾಗ ನಾನು ಆಗುವುದಿಲ್ಲ ಎಂದೆ. ಮಾರನೆಯ ದಿನವೇ ಆ ಹೆಂಗಸು ರೈಲು ಹತ್ತಿ ಬಂದು, ಹೋಟೆಲಿನಲ್ಲಿ ಕೂತು, ಮಸಾಲೆ ದೋಸೆ ತರಿಸಿ ಪೂರ್ತಿ ತಿಂದು, ನೆಟ್ಟಗೆ ಅಡುಗೆಮನೆಗೆ ನುಗ್ಗಿದರು.

“ದ್ವಾಸಿ ಭಾಳ ಛಲೋ ಐತ್ರಿ. ಮೋರಿ ಮಾತ್ರ ಹೊಲಸು. ನನ್ನ ಮಗಳನ್ನ ಈ ಮನಿಗೆ ಕೊಡಬೇಕಂದ್ರ ಮೊದಲ ಇದನ್ನ ತೊಳಸ್ರಿ, ಬೀಗರ.”

ಒಪ್ಪಿಗೆ ಕೇಳಲು ಬಂದವರೋ ಕೊಡಲು ಬಂದವರೋ ಎಂದು ತಿಳಿಯುವ ಮೊದಲೇ ನಾನು ಬೀಗನಾಗಿಬಿಟ್ಟಿದ್ದೆ. ಮೋರಿಯನ್ನೂ ತೊಳೆಸಿದೆ.

ಹದಿನೈದು ವರ್ಷ ಸಂಸಾರ ಮಾಡಿ ಮಗ ಸೊಸೆ ಬೇರೆಯಾದರು. ತಪ್ಪು ಯಾರದು ಎಂದು ಬರೆಯಲು ಕೂತರೆ ನನ್ನ ಮಗನ ಕಡೆಯೇ ಹೆಚ್ಚು ಬರೆಯಬೇಕಾಗುತ್ತದೆ, ಬಿಡಿ. ಅವನು ಸೂರತ್ತಿಗೆ ಹೋಗಿ, ಊರಾಚೆ ಸಚಿನ್ ಎಂಬಲ್ಲಿನ ಬಣ್ಣದ ಕಾರ್ಖಾನೆಯೊಂದನ್ನು ಸೇರಿ ಅಲ್ಲಿಯೇ ಉಳಿದ. ಸೊಸೆ ತಾಯಿಯ ಮನೆಗೆ ಹೊರಟು ನಿಂತಳು. “ಮಗಳು ನನ್ನ ಜೊತೆ ಬರ್ತಾಳೆ” ಎಂದಳು.

“ಕರ್ಕೊಂಡು ಹೋಗು. ನಮಗೆಂತಕ್ಕೆ ಅವಳು? ನಮಗೆ ಬೇಡ” ಎಂದುಬಿಟ್ಟೆ.

ಅದು ಸೊಸೆಯ ಮೇಲಿನ ಸಿಟ್ಟು, ಮಗನ ಮೇಲಿನ ನಾಚಿಕೆ. ಆದರೆ ಮೊಮ್ಮಗಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿದವಳು ಹಾಗೆಯೇ ನಿಂತು ನನ್ನನ್ನು ನೋಡಿದಳು. ಆಗ ಅವಳಿಗೆ ಹದಿಮೂರು. ಅವಳ ಮಾತು ಹೆಚ್ಚಾಗಿ ಹಿಂದಿ, ಗೆಳತಿಯರ ಜೊತೆ ಗುಜರಾತಿ, ಕನ್ನಡ ಅಷ್ಟಕ್ಕಷ್ಟೇ. ಆದರೆ ಆ ಮಾತು ಅರ್ಥವಾಗಲು ಬೇಕಾದಷ್ಟು ಕನ್ನಡವನ್ನು ನಾನೇ ಕಲಿಸಿದ್ದೆ.

ಅಲ್ಲಿಂದ ಎರಡು ವರ್ಷ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಫೋನ್ ಮಾಡಿದರೆ ಕಟ್ ಮಾಡುವಳು. ದೀಪಾವಳಿಗೆ ಹೊಸ ಮೊಬೈಲ್ ಕಳಿಸಿದೆ. ಡಬ್ಬಿ ಬಿಚ್ಚದೆ ವಾಪಸು ಬಂತು. ಹುಟ್ಟಿದ ದಿನಕ್ಕೆ ಚಿನ್ನದ ಓಲೆ ಕಳಿಸಿದೆ, ಅದೂ ಬಂತು. ಹೋಗಿ ಬಾಗಿಲು ತಟ್ಟಬಹುದಿತ್ತು. ತಟ್ಟಿದರೆ ಏನೋ ಹೇಳಬೇಕಾಗುತ್ತಿತ್ತು. ದುಡಿದರೆ ಆಗದ್ದು ಯಾವುದೂ ಇಲ್ಲ ಎಂದು ಬದುಕಿದವನು ನಾನು. ಇದು ದುಡಿದು ಸರಿಯಾಗುವ ಕೆಲಸವಾಗಿರಲಿಲ್ಲ. ಹೋಟೆಲಿಗೆ ಆ ವಯಸ್ಸಿನ ಹುಡುಗಿ ಯಾರಾದರೂ ಅಪ್ಪ ಅಮ್ಮನ ಜೊತೆ ಬಂದರೆ ಒಳಗೆ ಹೋಗಿ ಸುಮ್ಮನೆ ಚಟ್ನಿ ಕಲಕುತ್ತ ನಿಲ್ಲುತ್ತಿದ್ದೆ.

ಡಿಸೆಂಬರ್ ಮೊದಲ ವಾರ ಬೀಗಿತ್ತಿಯ ಫೋನ್ ಬಂತು.

“ಬೀಗರ, ಈ ಕ್ರಿಸ್‌ಮಸ್ಸಿಗೆ ಹುಡುಗಿಗೆ ಅಜ್ಜ ಅಜ್ಜಿ ಕೂಡಿ ಒಂದ ಉಡುಗೊರೆ ಕೊಡೋಣು. ಭಾಳ ದಿನ ಉಳಿಯೂದು ಬೇಕು. ನನಗೂ ಎಪ್ಪತ್ತೆರಡಾತು, ಎದಿ ತಪ್ಪಿ ತಪ್ಪಿ ಬಡಿಯಾಕತ್ತೈತಿ. ಲಗೂನ ಬರ್ರಿ.”

“ನಾನು ಕೊಟ್ಟದ್ದು ಅವಳು ತಗೊಳ್ಳುದಿಲ್ಲ ಮಾರಾಯ್ರೆ.”

“ಕೊರಿಯರಿನ್ಯಾಗ ಕಳಿಸಿದ್ದು ಯಾರು ತೊಗೋತಾರ? ನಮ್ಮ ಮನಿ ಪದ್ಧತಿ ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಅವರ ಮನೆಯಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿನಿಂದ ಬಂದು, ಪ್ರಾರ್ಥನೆ ಮುಗಿಸಿ ಉಡುಗೊರೆ ಕೊಡುವಾಗ, ಕೊಡುವವರು ಎದುರಿಗಿದ್ದವರ ಮುಖ ನೋಡಿ ಒಂದು ಮಾತು ಹೇಳಬೇಕು. ಮನಸ್ಸಿನೊಳಗೆ ಇಟ್ಟುಕೊಂಡಿದ್ದ ಮಾತು. ಅದನ್ನು ಹೇಳದೆ ಪೊಟ್ಟಣ ಕೈಬಿಡುವಂತಿಲ್ಲ. ಹಿಂದೆಲ್ಲ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಈಗ ಹಾಗೆ ಕಾಣಲಿಲ್ಲ. ತಪ್ಪಾಯಿತು ಎಂದು ನಾನು ಯಾರ ಹತ್ತಿರವೂ ಹೇಳಿದವನಲ್ಲ. ಹೆಂಡತಿಯ ಹತ್ತಿರ ಹೇಳಬೇಕಾದದ್ದು ಬಹಳ ಇತ್ತು. ಹೇಳುವ ಮೊದಲೇ ಅವಳು ತೀರಿಕೊಂಡಳು.

ಆದರೂ ಹೋದೆ. ನವರಂಗಪುರದ ಅಂಗಡಿಗಳಲ್ಲಿ ಇಬ್ಬರೂ ಮಧ್ಯಾಹ್ನವಿಡೀ ಅಲೆದೆವು. ಕೈಗಡಿಯಾರ ತೋರಿಸಿದೆ. “ಮೊಬೈಲಿನ್ಯಾಗ ಟೈಮ್ ನೋಡ್ತಾವು ಈಗಿನ ಹುಡುಗರು.” ಬೆಳ್ಳಿಯ ಸರ ತೋರಿಸಿದೆ. “ಅವರವ್ವ ಕೊಟ್ಟಾಳ.” ಗಿಟಾರ್ ತೋರಿಸಿದರೆ ಅಂಗಡಿಯವನ ಎದುರಿಗೇ, “ನಿಮಗ ಬಾರಸಾಕ ಬರತೈತೇನ್ರಿ? ಇಲ್ಲಲ್ಲ? ಮತ್ತ ಅಕಿಗೆ ಯಾರು ಕಲಸಾವ್ರು?” ಎಂದರು.

ನನಗೆ ರೇಗಿತು. “ಹಾಗಾದ್ರೆ ಎಂತ ಕೊಡುದು? ನನ್ನ ತಲೆಯಾ?”

“ಕೊಡ್ರಿ. ಭಾಳ ಗಟ್ಟಿ ಐತಿ, ಬಾಳಿಕಿ ಬರತೈತಿ.”

ಸುಸ್ತಾಗಿ ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತೆವು. ಆಗ ಅವರು ಮೆಲ್ಲಗೆ ಒಂದು ಸಂಗತಿ ಹೇಳಿದರು. ಮೊಮ್ಮಗಳು ರಜೆಯ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ದೋಸೆ ಹೊಯ್ಯುತ್ತಾಳಂತೆ, ನಾನ್‌ಸ್ಟಿಕ್ ತವೆಯ ಮೇಲೆ. ನನ್ನ ಹಾಗೆ ತೆಳ್ಳಗೆ ಹರಡಲು ಹೋಗುತ್ತಾಳೆ. ತವೆಯ ಮೇಲೆ ಹಿಟ್ಟು ನಿಲ್ಲದೆ ಸೌಟಿನ ಹಿಂದೆಯೇ ಜಾರುತ್ತದೆ. ಆಮೇಲೆ ತವೆ ಕುಕ್ಕಿದ ಸದ್ದು. “ನಾ ಒಳಗ ಹೋಗಂಗಿಲ್ಲ ಬೀಗರ. ಅಕಿ ಅಳಾಕತ್ತಿರತಾಳ.”

ಅವಳಿಗೆ ಆರು ವರ್ಷವಿದ್ದಾಗ ಎಣ್ಣೆ ಡಬ್ಬದ ಮೇಲೆ ನಿಲ್ಲಿಸಿ, ಕೈ ಹಿಡಿದು, ನನ್ನ ಹೆಂಡತಿಯ ಕಾವಲಿಯಲ್ಲಿ ದೋಸೆ ಹೊಯ್ಯಲು ಕಲಿಸಿದವನು ನಾನು. ದೋಸೆಯ ಕಬ್ಬಿಣದ ಹಂಚಿಗೆ ನಮ್ಮಲ್ಲಿ ಕಾವಲಿ ಎನ್ನುತ್ತೇವೆ. ಮದುವೆಯಾದ ವರ್ಷ ಹೆಂಡತಿ ಊರಿನಿಂದ ತಂದದ್ದು. ಮೂವತ್ತು ವರ್ಷ ಅವಳು ಅದಕ್ಕೆ ಸಾಬೂನು ತಾಗಿಸಲಿಲ್ಲ, ಚಪಾತಿ ಸುಡಲು ಕೊಡಲಿಲ್ಲ. ಎಣ್ಣೆಯಲ್ಲಿ ಅದ್ದಿದ ಅರ್ಧ ನೀರುಳ್ಳಿಯಿಂದ ಉಜ್ಜಿ ಉಜ್ಜಿ, ಅದು ಕಪ್ಪಾಗಿ, ನುಣುಪಾಗಿ, ದೋಸೆ ತಾನಾಗಿಯೇ ಏಳುವ ಹಾಗೆ ಪಳಗಿತ್ತು. ಅವಳ ನಂತರ ನಾನು, ಮೊಮ್ಮಗಳು ಬಿಟ್ಟರೆ ಬೇರೆ ಯಾರೂ ಮುಟ್ಟಿರಲಿಲ್ಲ.

“ಅದನ್ನೇ ಕೊಡ್ತೇನೆ” ಎಂದೆ.

“ಈಗ ಬಂದ್ರಿ ನೋಡ್ರಿ ದಾರಿಗೆ” ಎಂದು ಬೀಗಿತ್ತಿ ಗ್ಲಾಸಿನ ಅಂಚು ಒರೆಸಿದರು. “ಮತ್ತ ಮಾತು? ಏನು ಹೇಳ್ತೀರಿ ಅಕಿಗೆ?”

“ಅದು ಆ ದಿನ ನೋಡುವ.”

ಮುಂದಿನ ವಾರ ಕಾವಲಿಯನ್ನು ಗೋಣಿಯಲ್ಲಿ ಸುತ್ತಿ ತಂದುಕೊಟ್ಟೆ, ಬಣ್ಣದ ಕಾಗದ ಸುತ್ತಿ ಅಡಗಿಸಿಡಿ ಎಂದು. ಅಷ್ಟೇ ಹೇಳಿದೆ. ಬೇರೆ ಏನೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಹಬ್ಬಕ್ಕೆ ಮೂರು ದಿನವಿರುವಾಗ ಫೋನ್. ದನಿಯಲ್ಲಿ ಸಂಭ್ರಮ.

“ಎಷ್ಟ ಹೊಲಸ ಹಿಡಿದಿತ್ತರಿ ಆ ಹಂಚು! ಎರಡು ದಿನ ಸೋಡಾ ನೀರಾಗ ನೆನಸಿಟ್ಟು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೇನಿ. ಕನ್ನಡಿ ಆಗೇತಿ ಬೀಗರ, ಮುಖ ಕಾಣತೈತಿ!”

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ಫೋನ್ ಇಟ್ಟು, ಎದ್ದು ಸ್ಟೇಷನ್ನಿಗೆ ನಡೆದೆ. ಅವರ ಊರಿನಲ್ಲಿ ಹಂಚೆಂದರೆ ಜೋಳದ ರೊಟ್ಟಿಯ ಹಂಚು. ಅದಕ್ಕೆ ಎಣ್ಣೆಯ ಸೋಂಕಿಲ್ಲ, ಮಸಿ ಹಿಡಿದರೆ ಬೂದಿ ಹಾಕಿ ತಿಕ್ಕಿದವಳೇ ಅಚ್ಚುಕಟ್ಟಿನ ಹೆಂಗಸು. ಮೇಲಾಗಿ ಆಸ್ಪತ್ರೆಯಲ್ಲಿ ಪಳಗಿದ ಕೈ. ಇದೆಲ್ಲ ಈಗ ತಿಳಿಯುತ್ತದೆ. ಆ ಎರಡು ಗಂಟೆಯ ರೈಲಿನಲ್ಲಿ ತಿಳಿಯಲಿಲ್ಲ.

ಕಾವಲಿ ಊಟದ ಮೇಜಿನ ಮೇಲೆ, ಪೇಪರಿನ ಮೇಲೆ ಮಲಗಿತ್ತು. ಚರ್ಮ ಸುಲಿದ ಹಾಗೆ ಬೂದು ಬಣ್ಣ. ಅಂಚಿನಲ್ಲಿ ಆಗಲೇ ತುಕ್ಕು ಏಳುತ್ತಿತ್ತು. ನಾನು ಕೂಗಾಡಿದೆ.

“ಮೂವತ್ತು ವರ್ಷವನ್ನು ತೊಳೆದು ಮೋರಿಗೆ ಬಿಟ್ಟಿರಲ್ಲ! ನನ್ನ ಹೆಂಡತಿಯದ್ದು ಅಂತ ಉಳಿದದ್ದು ಅದೊಂದೇ. ಎಂತ ಗೊತ್ತುಂಟು ನಿಮಗೆ? ನಿಮ್ಮ ಕೈಗೆ ಕೊಟ್ಟದ್ದೇ ನನ್ನ ತಪ್ಪು!”

ಬೀಗಿತ್ತಿ ಕುರ್ಚಿಯ ಮೇಲೆ ಕುಸಿದರು. “ಅದು ಹೊಲಸಲ್ಲೇನ್ರಿ?” ಎಂದು ಚಿಕ್ಕ ಮಗುವಿನ ಹಾಗೆ ಕೇಳಿದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಮೊಮ್ಮಗಳು, ಹೆಗಲಲ್ಲಿ ಟ್ಯೂಷನ್ನಿನ ಚೀಲ. ಎರಡು ವರ್ಷದಲ್ಲಿ ನನ್ನ ಭುಜದ ಎತ್ತರ ಬಂದಿದ್ದಳು. ಎರಡು ವರ್ಷದ ಹಿಂದೆ ಅವಳು ಕೊನೆಗೆ ಕೇಳಿದ್ದು ನನ್ನ ಕೂಗು. ಈಗ ಮೊದಲು ಕೇಳಿದ್ದೂ ಅದೇ. ಎಲ್ಲ ಮುಗಿಯಿತು ಎಂದುಕೊಂಡೆ.

ಬೀಗಿತ್ತಿಯೇ ಮಾತಾಡಿದರು. “ಬಾರವ್ವ. ಇದು ನಿನ್ನ ಉಡುಗೊರಿ ಇತ್ತು, ನಾ ಕೆಡಿಸಿದೆ. ನಿಮ್ಮಜ್ಜ ಬೈಯಾಕತ್ತಾರ. ಬೈಸಿಕೊಳ್ಳೂದು ನನ್ನ ಪಾಳಿ, ನೀ ಅಂಜಬ್ಯಾಡ.”

ಅವಳು ಹತ್ತಿರ ಬಂದು ಕಾವಲಿಯ ಮೇಲೆ ಬೆರಳಾಡಿಸಿದಳು. ನನ್ನನ್ನು ನೋಡದೆ ಹಿಂದಿಯಲ್ಲಿ ಕೇಳಿದಳು: “ಠೀಕ್ ಹೋಗಾ?”

“ಸರಿ ಆಗ್ತದೆ. ವರ್ಷ ಹಿಡೀತದೆ” ಎಂದೆ.

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ವರ್ಷ ಹಿಡದ್ರ ವರ್ಷ ಬರ್ರಿ” ಎಂದರು ಬೀಗಿತ್ತಿ. “ಪ್ರತಿ ಐತಾರ. ಮಗಳಿಗೆ ನಾ ಹೇಳತೇನಿ.”

ಕ್ರಿಸ್‌ಮಸ್ಸಿನ ದಿನ ನಾನು ಉಡುಗೊರೆ ಕೊಡಲಿಲ್ಲ, ಮಾತೂ ಹೇಳಲಿಲ್ಲ. ಕಾವಲಿ ಪಳಗಲಿ, ಆಮೇಲೆ ಎರಡೂ ಒಟ್ಟಿಗೆ ಎಂದೆ. ಬೀಗಿತ್ತಿ ನನ್ನನ್ನೇ ನೋಡಿದರು. ಕಾವಲಿ ಹಾಳಾದದ್ದು ನನಗೊಂದು ನೆಪವಾಯಿತು ಎಂದು ಅವರಿಗೆ ಗೊತ್ತಾಗಿತ್ತು.

ಆದಿತ್ಯವಾರ ಬೆಳಗಿನ ರೈಲಿಗೆ ಹಿಟ್ಟಿನ ಡಬ್ಬ ಹಿಡಿದು ಹೋಗುತ್ತಿದ್ದೆ. ಬಾಗಿಲು ತೆರೆಯುವವರು ಬೀಗಿತ್ತಿ. ಸೊಸೆ ಮಾತಿಲ್ಲದೆ ಕಾಫಿ ಇಟ್ಟು ಹೋಗುವಳು. ಮೊಮ್ಮಗಳ ಬಾಗಿಲು ಮುಚ್ಚಿಯೇ ಇರುವುದು. ದೋಸೆ ಅಂಟಿ, ಹರಿದು, ಚೂರು ಚೂರಾಗಿ ಬರುತ್ತಿತ್ತು. ನಲವತ್ತು ವರ್ಷದ ದೋಸೆಯವನು ಪರರ ಮನೆಯ ಒಲೆಯ ಮುಂದೆ ಸೌಟು ಹಿಡಿದು ಬೆವರುತ್ತಿದ್ದೆ. ಬೀಗಿತ್ತಿ ಚೂರನ್ನೆಲ್ಲ ಬಳಿದು ತಿನ್ನುವರು. “ಹರಕು ಇದ್ರೇನಾತು, ಹೊಟ್ಟ್ಯಾಗ ಹೋಗಿ ಹೊಲಕೋತೈತಿ.”

ಆರನೆಯ ಆದಿತ್ಯವಾರ ಬಾಗಿಲು ತೆರೆಯಿತು. ಅವಳು ಬಂದು ನನ್ನ ಕೈಯಿಂದ ನೀರುಳ್ಳಿ ತೆಗೆದುಕೊಂಡು ಉಜ್ಜತೊಡಗಿದಳು. ಅಷ್ಟೇ. ಮತ್ತೆ ಎಷ್ಟೋ ವಾರ ಹಿಟ್ಟಿನ ಮಾತು, ಬೆಂಕಿಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮಳೆಗಾಲದ ಹೊತ್ತಿಗೆ ಕಾವಲಿ ಕಪ್ಪಾಗಿತ್ತು. ನನ್ನ ನೆಪವೂ ತೀರುತ್ತ ಬಂದಿತ್ತು. ಪ್ರತಿ ವಾರ ಮೆಟ್ಟಿಲವರೆಗೆ ಬಂದು ಬೀಗಿತ್ತಿ ಕೇಳುವರು, “ಹೇಳಿದ್ರೇನು?” ನಾನು ತಲೆಯಾಡಿಸುವೆ. “ದ್ವಾಸಿ ತಿರುವಿ ಹಾಕಾಕ ಇಷ್ಟ ಹೊತ್ತ ನೋಡ್ತೀರೇನು? ಸೀದು ಹೋಗತೈತ್ರಿ!”

ಆಗಸ್ಟಿನಲ್ಲಿ ಅವರು ಆಸ್ಪತ್ರೆ ಸೇರಿದರು. ಶನಿವಾರ ನೋಡಲು ಹೋದೆ. ಮೂಗಿನ ನಳಿಕೆ ಸರಿಸಿ, ಒಂದೊಂದೇ ಮಾತಾಗಿ ಹೇಳಿದರು:

“ನಾ ಇರೂತನಕ ಹೇಳ್ರಿ, ಬೀಗರ. ನಾ ಹೋದ ಮ್ಯಾಲೆ ನಿಮ್ಮನ್ನ ಆ ಮನಿಗೆ ಯಾರು ಕರೀತಾರ?”

“ನಾಳೆ ಹೇಳ್ತೇನೆ.”

“ಹೇಳಿ, ಬಂದು ನನಗ ಹೇಳ್ರಿ. ಕಾಯತೇನಿ.”

ಮರುದಿನ ಸೊಸೆ ಆಸ್ಪತ್ರೆಯಲ್ಲಿದ್ದಳು, ಮನೆಯಲ್ಲಿ ಮೊಮ್ಮಗಳು ಒಬ್ಬಳೇ. ಅವಳು ಹಿಟ್ಟು ಹೊಯ್ದಳು. ನಾನು ಹಿಂದೆ ನಿಂತಿದ್ದೆ. ಮುಖ ನೋಡಿ ಹೇಳಬೇಕೆಂಬುದು ಪದ್ಧತಿ. ನನಗೆ ಅವಳ ಬೆನ್ನು ನೋಡಿ ಹೇಳಲು ಮಾತ್ರ ಧೈರ್ಯ ಬಂತು.

“ಆ ದಿನ ನಮಗೆ ಬೇಡ ಅಂದೆನಲ್ಲ. ಅದು ಸುಳ್ಳು. ಹೇಳಿದ್ದು ನನ್ನ ತಪ್ಪು. ನೀನು ನನಗೆ ಬೇಕು ಮಗಾ.”

ದೋಸೆಯ ಅಂಚು ಕೆಂಪಾಯಿತು, ಕಪ್ಪಾಯಿತು, ಹೊಗೆ ಎದ್ದಿತು. ಅವಳು ಅದನ್ನು ಮುಟ್ಟಲಿಲ್ಲ. ತಿರುಗದೆಯೇ, ತಡವರಿಸುವ ಕನ್ನಡದಲ್ಲಿ ಹೇಳಿದಳು: “ಇನ್ನೊಂದು ಸಲ ಹೇಳಿ.”

ಹೇಳಿದೆ. ಈ ಸಲ ಅವಳು ತಿರುಗಿದ್ದಳು.

ಒಲೆ ಆರಿಸಿ, ಇಬ್ಬರೂ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಸೊಸೆ ವರಾಂಡದ ನೆಲದ ಮೇಲೆ ಕೂತಿದ್ದಳು. ನಾವು ಬರುವ ಇಪ್ಪತ್ತು ನಿಮಿಷ ಮೊದಲು ಅಮ್ಮನ ಜೀವ ಹೋಯಿತು ಎಂದಳು.

ಒಳಗೆ ಹೋಗಲು ನನ್ನಿಂದ ಆಗಲಿಲ್ಲ. ಕಾಯುತ್ತೇನೆ ಎಂದವರನ್ನು ಎಂಟು ತಿಂಗಳು ಕಾಯಿಸಿದವನು ನಾನು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಮೊಮ್ಮಗಳು ಮಂಚದ ಹತ್ತಿರ ಹೋಗಿ, ಡ್ರಿಪ್ಪಿನ ಬಿಳಿ ಪಟ್ಟಿ ಅಂಟಿದ್ದ ಆ ಕೈಯನ್ನು ಹಿಡಿದುಕೊಂಡು, ಕಿವಿಯ ಹತ್ತಿರ ಬಗ್ಗಿದಳು.

“ಅಜ್ಜೀ, ಅಜ್ಜ ಹೇಳಿದ್ರು” ಎಂದಳು. “ಎರಡು ಸಲ ಹೇಳಿದ್ರು.”